ಮೂರನೆಯ ಬೇಡ

ಡೊಂಬಿವಲಿ ಪೂರ್ವ
೮ ಜೂನ್ ೨೦೨೫

ಧರ್ಮಾ,

ನಿನ್ನ ಮೇ ತಿಂಗಳ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ ಎಂದು ಮುಖ ಊದಿಸಿಕೊಳ್ಳಬೇಡ. ಈ ಸಲ ಮಳೆ ಮೇ ಮುಗಿಯುವ ಮೊದಲೇ ಬಂದು ಕೂತಿದೆ. ಮಳೆ ಬಂದರೆ ಇಲ್ಲಿನ ನಮ್ಮೂರಿನವರಿಗೆಲ್ಲ ಗೋಳಿಬಜೆ, ಪತ್ರೊಡೆ ನೆನಪಾಗುತ್ತದೆ. ಅವರಿಗೆ ನೆನಪಾದಾಗ ನನ್ನ ಕೈ ಹಿಟ್ಟಿನೊಳಗೆ ಇರುತ್ತದೆ. ನಿನ್ನ ಭಾವ ತೀರಿಹೋಗಿ, ಕಲ್ಯಾಣದ ಹೋಟೆಲನ್ನು ಬಿಟ್ಟುಕೊಟ್ಟ ಮೇಲೆ, ಮನೆಯಲ್ಲೇ ಮಾಡಿ ಕೊಡುವ ಈ ಕೆಲಸ ಇಲ್ಲದಿದ್ದರೆ ನನಗೆ ಹುಚ್ಚೇ ಹಿಡಿಯುತ್ತಿತ್ತು. ಸುಸ್ತಾಗುತ್ತದೆ, ಆದರೆ ಒಳ್ಳೆಯ ಸುಸ್ತು.

ಒಂದು ತಮಾಷೆ ಹೇಳಬೇಕು. ಹಿಟ್ಟಿನ ಕೈಯಲ್ಲಿ ಫೋನ್ ಎತ್ತಲಾಗದೆ ಎಷ್ಟೋ ಆರ್ಡರ್ ತಪ್ಪಿ ಹೋಗುತ್ತಿತ್ತಲ್ಲ? ನಮ್ಮ ರಿತೇಶ್ ಹೋದ ಭಾನುವಾರ ಸೊಸೆ ಅಶ್ಮಿತಾಳನ್ನು ಕರೆದುಕೊಂಡು ಘಣಸೋಲಿಯಿಂದ ಬಂದವನು ಅದಕ್ಕೊಂದು ದಾರಿ ಮಾಡಿ ಹೋದ. ಎಂಥದೋ ಮಾತಾಡುವ ಮಿಷನ್ ಎಂದು ಹೇಳಿ ನನ್ನನ್ನು ಕೂರಿಸಿ ಒಂದಷ್ಟು ಮಾತು ಓದಿಸಿದ. ಹಳೆಯ ಫೋನ್ ಮಾತುಗಳೂ ಫೋನಿನಲ್ಲೇ ಉಳಿದಿದ್ದವಂತೆ, ಅವನ್ನೂ ಅದಕ್ಕೆ ಕೊಟ್ಟ. ಈಗ ಫೋನ್ ನಾಲ್ಕು ಸಲ ಹೊಡೆದುಕೊಳ್ಳುವಷ್ಟರಲ್ಲಿ ನಾನು ಎತ್ತದಿದ್ದರೆ ಅದೇ ಎತ್ತುತ್ತದೆ. ನನ್ನ ದನಿಯಲ್ಲೇ ಮಾತಾಡುತ್ತದೆ! ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವುದೂ ನನ್ನ ಹಾಗೆಯೇ. ಸಂಜೆ ಎಷ್ಟು ದೋಸೆ, ಯಾರ ಮನೆಗೆ ಎಂದು ಬರೆದು ಕಳಿಸುತ್ತದೆ. ಫೋನ್ ಬಂದ್ ಇದ್ದರೂ ಅದು ಉತ್ತರ ಕೊಡುತ್ತದಂತೆ, ಅದು ಇರುವುದು ಫೋನಿನಲ್ಲಿ ಅಲ್ಲವಂತೆ. ಮತ್ತೆಲ್ಲಿ ಎಂದು ಕೇಳಿದೆ. ಅವನು ಮೇಲಕ್ಕೆ ಕೈ ತೋರಿಸಿದ. ಅಲ್ಲಿ ಫ್ಯಾನ್ ಮಾತ್ರ ಇತ್ತು.

ಠಾಣೆ ಊರಿನ ಗಿರಾಕಿ ಹೆಂಗಸೊಬ್ಬಳು ನಿನ್ನೆ ಬಂದು, ಎಷ್ಟು ಸಮಾಧಾನದಿಂದ ಮಾತಾಡಿದಿರಿ ತಾಯಿ ಎಂದು ನನ್ನ ಕೈ ಹಿಡಿದುಕೊಂಡಳು. ನಾನು ಅವಳ ಹತ್ತಿರ ಮಾತೇ ಆಡಿರಲಿಲ್ಲ. ಸುಮ್ಮನೆ ನಕ್ಕೆ. ನನಗಿಂತ ಚೆನ್ನಾಗಿ ಮರಾಠಿ ಮಾತಾಡುವ ಇದಕ್ಕೆ ನಾನು ಗಿಳಿ ಎಂದು ಹೆಸರಿಟ್ಟಿದ್ದೇನೆ.

ನಮ್ಮ ಬಿಲ್ಡಿಂಗಿನ ಗೇಟಿಗೆ ಪಾಲಿಕೆಯವರು ಪ್ರತಿ ಮಳೆಗಾಲದ ಹಾಗೆ ‘ಅತಿ ಅಪಾಯಕಾರಿ’ ಎಂಬ ನೋಟೀಸು ಅಂಟಿಸಿದ್ದಾರೆ. ಮೇಲಿನ ಮನೆಯ ಪುಂಡರೀಕಾಕ್ಷ ರಾಯರು ಅದನ್ನು ಜೋರಾಗಿ ಓದಿ, ಈ ಸಲ ಅಕ್ಷರ ದೊಡ್ಡದಾಗಿದೆ ಎಂದರು. ಅಷ್ಟೇ ವಿಶೇಷ. ಜಯಲತಾಳ ಮೊಣಕಾಲು ಹೇಗಿದೆ, ಬರೆ.

ಅಕ್ಕ


ಹಿರಿಯಡ್ಕ
೧೮ ಜೂನ್ ೨೦೨೫

ಅಕ್ಕಾ,

ನಿನ್ನ ಕಾಗದ ಬಂತು. ಜಯಲತಾಳ ಮೊಣಕಾಲು ಅವಳ ಬಾಯಿಯಷ್ಟು ಚುರುಕಾಗಿಲ್ಲ, ಆದರೂ ನಡೆಯುತ್ತಾಳೆ.

ನಿನ್ನ ಗಿಳಿ ನನಗೂ ಬಂದಿದೆ. ನಿನ್ನ ಮಗ ಲಿಂಕ್ ಕಳಿಸಿ, ಫೋನಿನಲ್ಲೇ ಹೇಳಿಕೊಟ್ಟು, ನನ್ನಿಂದಲೂ ಓದಿಸಿದ. ನಾನು ಸಹಕಾರ ಸಂಘದ ಗುಮಾಸ್ತ ಎಂದ ಮೇಲೆ ಊರಿನವರಿಗೆ ನನ್ನ ಊಟದ ಹೊತ್ತೇ ಗೊಬ್ಬರ ಕೇಳುವ ಹೊತ್ತು. ಈಗ ಮಧ್ಯಾಹ್ನ ಅದನ್ನು ಹಾಕಿಟ್ಟು ಊಟ ಮಾಡಿ ಒಂದು ನಿದ್ದೆ ತೆಗೆಯುತ್ತೇನೆ. ನನ್ನ ದನಿಯಲ್ಲಿ ಅದು ಎಲ್ಲರಿಗೂ ‘ಆಯ್ತು, ಬರ್ತೇನೆ, ನೋಡುವ’ ಎನ್ನುತ್ತದೆ. ಜಯಲತಾ ಕೇಳಿ, ಇಷ್ಟು ವರ್ಷ ನೀವು ನನಗೆ ಹೇಳಿದ್ದೂ ಇಷ್ಟೇ ಅಲ್ಲವಾ, ಇದಕ್ಕೆ ಮಿಷನ್ ಯಾಕೆ ಬೇಕಿತ್ತು ಎಂದಳು.

ನೋಟೀಸಿನ ವಿಷಯವನ್ನು ಕಾಗದದ ಕೊನೆಯಲ್ಲಿ, ಉಪ್ಪಿನಕಾಯಿಯ ಹಾಗೆ, ಒಂದು ಚೂರು ಬಡಿಸಿದ್ದೀ. ನನಗೆ ಅದು ಹಿಡಿಸಲಿಲ್ಲ. ನೀನು ದೊಡ್ಡ ವಿಷಯವನ್ನು ಯಾವಾಗಲೂ ಕೊನೆಗೇ ಬರೆಯುವವಳು. ಭಾವನಿಗೆ ಎದೆನೋವು ಬಂದದ್ದನ್ನೂ ಹಾಗೆಯೇ, ಹಪ್ಪಳ ತಲುಪಿತು ಎಂದ ಮೇಲೆ ಬರೆದಿದ್ದೆ.

ಅದಕ್ಕೇ ಕರೆಯುತ್ತಿದ್ದೇನೆ. ಆಟಿ ತಿಂಗಳಿಗೆ ಇಲ್ಲಿಗೆ ಬಾ. ಹೊಸ ಮದುಮಗಳು ಆಟಿ ಕೂರಲು ತವರಿಗೆ ಬರುವ ಹಾಗೆ ನೀನೂ ಬಂದು ಕೂರು. ಊರವರು ನಕ್ಕರೆ ನಗಲಿ. ಜಯಲತಾ ಕೆಸುವಿನ ಎಲೆ ಕೊಯ್ದು ಕೊಡುತ್ತಾಳೆ, ಪತ್ರೊಡೆಯನ್ನು ನೀನೇ ಮಾಡಿ ಹಾಕು.

ನೀನು ಬೇಡ ಅನ್ನುತ್ತೀ, ಗೊತ್ತು. ಅಮ್ಮನ ಕ್ರಮ ಮರೆತಿಲ್ಲ. ಮೊದಲನೆಯ ಬೇಡ ಮರ್ಯಾದೆಗೆ, ಎರಡನೆಯದು ನಾಚಿಕೆಗೆ, ಮೂರನೆಯ ಸಲವೂ ಬೇಡ ಎಂದರೆ ಅದು ನಿಜವಾದ ಬೇಡ, ಮತ್ತೆ ಬಲವಂತ ಮಾಡಬಾರದು. ಮೊನ್ನೆ ಮಂಗಳೂರಿನಲ್ಲಿ ನನ್ನ ಗೆಳೆಯ ಸುದರ್ಶನನ ಹೊಸ ಮನೆಗೆ ಹೋಗಿದ್ದೆ. ಅವನ ಸೊಸೆ ಊಟ ಮಾಡ್ತೀರಾ ಎಂದು ಒಂದೇ ಸಲ ಕೇಳಿದಳು. ನಾನು ಬೇಡ ಎಂದೆ. ಅವಳು ಸರಿ ಎಂದು ಒಳಗೆ ಹೋದಳು. ಬಸ್ ಸ್ಟ್ಯಾಂಡಿನಲ್ಲಿ ಬನ್ಸ್ ತಿಂದು ಮನೆಗೆ ಬಂದೆ. ಹಾಗಾಗಿ ಇದು ಮೊದಲನೆಯ ಸಲ ಕೇಳಿದ್ದು ಎಂದು ಲೆಕ್ಕ ಇಟ್ಟುಕೋ.

ನಿನ್ನ ಧರ್ಮಪಾಲ


ಡೊಂಬಿವಲಿ ಪೂರ್ವ
೨೯ ಜೂನ್ ೨೦೨೫

ಧರ್ಮಾ,

ಬನ್ಸಿನ ಕಥೆ ಓದಿ ಒಬ್ಬಳೇ ಕೂತು ನಕ್ಕೆ. ಆಟಿಗೆ ಬರುವುದು ಬೇಡ ಮಾರಾಯ. ಆರ್ಡರ್ ಬಿಟ್ಟು ಬಂದರೆ ಗಿರಾಕಿ ಬೇರೆ ಕಡೆ ಹೋಗುತ್ತಾರೆ. ಜಯಲತಾಳಿಗೂ ಮೊಣಕಾಲಿನ ನೋವಿನಲ್ಲಿ ನನ್ನ ಉಪಚಾರ ಯಾಕೆ? ಇದು ನನ್ನ ಮೊದಲನೆಯದು ಎಂದು ನೀನೂ ಲೆಕ್ಕ ಇಟ್ಟುಕೋ.

ಈಗ ದೊಡ್ಡ ವಿಷಯವನ್ನು ನಡುವಿನಲ್ಲೇ ಬರೆಯುತ್ತೇನೆ, ನಿನಗೆ ತೃಪ್ತಿಯಾಗಲಿ. ಪುಂಡರೀಕಾಕ್ಷ ರಾಯರು ಮನೆ ಬಿಟ್ಟರು. ನೋಟೀಸು ಓದಿ ನಕ್ಕವರೇ ಮೊದಲು ಹೋದರು, ಕಲ್ಯಾಣದಲ್ಲಿ ಮಗಳ ಮನೆಗೆ. ಕೆಳಗಿನ ಎರಡು ಮನೆಯವರೂ ಬಾಡಿಗೆಗೆ ಹೋದರು. ಇನ್ನು ಮೆಟ್ಟಿಲಿನಲ್ಲಿ ಚಪ್ಪಲಿಗಳು ಕಡಿಮೆ. ಅಡಿಗೆಮನೆಯ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಒಂದು ಬಿರುಕು ಇಳಿದಿದೆ. ನಾನು ಅದರ ಮೇಲೆ ಅಡ್ಡಕ್ಕೆ ಒಂದು ಕಾಗದದ ಪಟ್ಟಿ ಅಂಟಿಸಿದ್ದೇನೆ. ಹೋಟೆಲಿನಲ್ಲಿ ಹಳೆಯ ಗೋಡೆಗೆ ಇವರು ಹಾಗೆ ಮಾಡುತ್ತಿದ್ದರು. ಗೋಡೆ ಅಲುಗಾಡಿದರೆ ಕಾಗದ ಹರಿಯುತ್ತದೆ. ಇನ್ನೂ ಹರಿದಿಲ್ಲ.

ರಿತೇಶ್ ಬಂದಿದ್ದ. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತ, “ಮಮ್ಮಿ, ಘಣಸೋಲಿ ಆ ಜಾ ನಾ ಹಮಾರೆ ಪಾಸ್” ಎಂದು ಕರೆದ. ನಾನು ಬೇಡ ಎಂದೆ. “ಠೀಕ್ ಹೈ, ಜೈಸಾ ತೇರಾ ಮನ್”, ನಿನ್ನಿಷ್ಟ ಎಂದು ಲೋಕಲ್ ಹಿಡಿಯಲು ಓಡಿದ. ಒಂದೇ ಸಲ ಕೇಳಿದ ಧರ್ಮಾ. ನನ್ನದೇ ಮಗ. ನನಗೆ ಬೇಸರವಾಯಿತು. ಅವನ ತಪ್ಪಲ್ಲ, ಇಲ್ಲಿ ಹುಟ್ಟಿ ಬೆಳೆದವನಿಗೆ ಆ ಕ್ರಮ ಯಾರು ಹೇಳಿಕೊಟ್ಟಿದ್ದಾರೆ? ನಾನೇ ಹೇಳಿಕೊಡಲಿಲ್ಲ. ಹಾಗೆಂದು, ನನ್ನನ್ನು ಮೂರು ಸಲ ಕರೆ ಎಂದು ನಾನೇ ಹೇಳಿ ಅವನ ಒಂದು ಬೆಡ್ರೂಮಿನ ಮನೆಗೆ ಹೋಗಿ ಕೂರಲಾ? ಅದು ನನ್ನಿಂದ ಆಗುವುದಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಯಾಕೆ ಹೇಳುವುದಿಲ್ಲ ಎಂದು ನೀನು ಕೇಳಬಹುದು. ಫೋನ್ ಕಿವಿಗಿಟ್ಟರೆ ನನ್ನ ಬಾಯಿಯಿಂದ ‘ನಾನು ಆರಾಮ’ ಎಂದೇ ಬರುತ್ತದೆ. ನಲವತ್ತು ವರ್ಷದ ಅಭ್ಯಾಸ. ಮೊದಲೆಲ್ಲ ಎಸ್‌ಟಿಡಿ ಬೂತಿನಲ್ಲಿ ಅಳುವುದಕ್ಕೆ ಹಣ ಯಾಕೆ ದಂಡ ಎಂದು ಎಲ್ಲದಕ್ಕೂ ಚೆನ್ನಾಗಿದ್ದೇವೆ ಎಂದು ಹೇಳಿ ಇಡುತ್ತಿದ್ದೆ. ಕನ್ನಡ ಮಾಸ್ಟ್ರ ಮಕ್ಕಳಾಗಿ ಹುಟ್ಟಿದ್ದಕ್ಕೆ ನಮಗೆ ಈ ಕಾಗದವಾದರೂ ಉಳಿಯಿತು.

ಅಕ್ಕ


ಹಿರಿಯಡ್ಕ
೧೦ ಜುಲೈ ೨೦೨೫

ಅಕ್ಕಾ,

ನಿನ್ನ ಕಾಗದ ಸೋಮವಾರ ಬಂತು. ಬಿರುಕಿನ ಸಂಗತಿ ಓದಿದ ಮೇಲೆ ನನಗೆ ಊಟ ಸೇರಲಿಲ್ಲ. ಸಂಜೆಯೇ ನಿನಗೆ ಫೋನ್ ಮಾಡಿದೆ. ನಾಲ್ಕು ಸಲ ಹೊಡೆದುಕೊಂಡ ಮೇಲೆ ನೀನು ಎತ್ತಿದೆ. ಎಷ್ಟು ಉಲ್ಲಾಸವಾಗಿ ಮಾತಾಡಿದೆ ನೀನು! ಬಿರುಕು ಏನಾಯಿತು ಎಂದರೆ, “ಅದೆಲ್ಲ ಸರಿ ಉಂಟು, ನೀನು ತಲೆಬಿಸಿ ಮಾಡ್ಬೇಡ” ಎಂದೆ. ಊಟ ಆಯ್ತಾ, ಮಳೆ ಉಂಟಾ, ಜಯಲತಾ ಹೇಗಿದ್ದಾಳೆ ಎಂದೆಲ್ಲ ನೀನೇ ಕೇಳಿದೆ. ಫೋನ್ ಇಟ್ಟ ಮೇಲೆ ನನಗೆ ಹಗುರವಾಯಿತು. ಮತ್ತೆ ನಿನ್ನ ಕಾಗದ ತೆಗೆದು ಓದಿದರೆ ಪುನಃ ಭಾರವಾಯಿತು.

ನಿನ್ನ ಬಾಯಿ ನಂಬಬೇಕಾ, ಕೈ ನಂಬಬೇಕಾ ಹೇಳು. ಫೋನಿನಲ್ಲಿ ಸುಳ್ಳು ಹೇಳುತ್ತೇನೆ ಎಂದು ನೀನೇ ಬರೆದಿದ್ದೀ. ಆದರೆ ಅಷ್ಟು ಚೆನ್ನಾಗಿ ಹೇಳುತ್ತೀ ಎಂದು ನನಗೆ ಗೊತ್ತಿರಲಿಲ್ಲ.

ರಿತೇಶನಿಗೂ ಫೋನ್ ಮಾಡಿ ಪಾಠ ಮಾಡಿದೆ. ಸೋದರಮಾವನಾಗಿ ಅಷ್ಟೂ ಹಕ್ಕಿಲ್ಲವಾ ನನಗೆ? ನಿನ್ನ ಅಮ್ಮನನ್ನು ಒಂದು ಸಲ ಕರೆದರೆ ಕರೆದ ಹಾಗಲ್ಲ, ಮೂರು ಸಲ ಕರೆಯಬೇಕು, ಮೂರನೆಯದಕ್ಕೆ ಅವಳು ಬಂದೇ ಬರುತ್ತಾಳೆ ಎಂದೆ. ಅವನಿಗೆ ನಗು ಬಂತು. “ಮಾಮಾ, ಪೆಹಲೇ ಬೋಲ್‌ನಾ ಥಾ ನಾ” ಎಂದ, ಮೊದಲೇ ಹೇಳಬೇಕಿತ್ತಂತೆ. ಪಾಪ, ಒಳ್ಳೆಯ ಹುಡುಗ. ಇವತ್ತೇ ಕೇಳುತ್ತೇನೆ ಎಂದಿದ್ದಾನೆ. ಅವನಿಗೆ ನಾನು ಹೇಳಿಕೊಟ್ಟೆ ಎಂದು ನಿನಗೆ ಸಿಟ್ಟು ಬಂದರೆ ಬರಲಿ. ಮನುಷ್ಯರು ಗೋಡೆಯ ಕೆಳಗೆ ಕೂತು ಮರ್ಯಾದೆ ನೋಡಬಾರದು.

ನಾನೂ ಎರಡನೆಯ ಸಲ ಕರೆಯುತ್ತಿದ್ದೇನೆ. ಅವನ ಮನೆಗಾದರೂ ಹೋಗು, ಇಲ್ಲಿಗಾದರೂ ಬಾ. ಎರಡರಲ್ಲಿ ಒಂದು ಮಾಡು.

ಧರ್ಮಪಾಲ


ಡೊಂಬಿವಲಿ ಪೂರ್ವ
೧೮ ಜುಲೈ ೨೦೨೫

ಧರ್ಮಾ,

ನಿನ್ನ ಕಾಗದವನ್ನು ಹಲವು ಸಲ ಓದಿದೆ. ಸೋಮವಾರ ಸಂಜೆ ನೀನು ಫೋನ್ ಮಾಡಿದ್ದು ನನಗೆ ನೆನಪಿಲ್ಲ.

ಇದನ್ನು ನಿನಗೆ ಬಿಟ್ಟು ಯಾರಿಗೂ ಹೇಳಿಲ್ಲ. ಇದು ಒಂದೇ ಸಲ ಆದದ್ದಲ್ಲ. ಹೋದ ವಾರ ರಿತೇಶ್ ಬಂದಾಗ, ನೀನೇ ಹೇಳಿದೆಯಲ್ಲ ಮಮ್ಮಿ, ಮಂಗಳವಾರ ಮಾತಾಡಿದೆವಲ್ಲ ಎಂದ. ನನಗೆ ಮಂಗಳವಾರದ ಮಾತು ಒಂದು ಅಕ್ಷರ ನೆನಪಿಲ್ಲ. ಹೌದು ಹೌದು ಎಂದು ತಲೆ ಆಡಿಸಿದೆ. ನಮ್ಮ ದೊಡ್ಡಮ್ಮ ಕೊನೆಗೆ ಒಲೆ ಹಚ್ಚಿದ್ದನ್ನು ಮರೆತು, ಮತ್ತೆ ಮಕ್ಕಳ ಹೆಸರನ್ನೇ ಮರೆತದ್ದು ನಿನಗೆ ನೆನಪಿರಬೇಕು. ನನಗೆ ಹೆದರಿಕೆಯಾಗುತ್ತಿದೆ. ಪಾಕಗಳ ಅಳತೆ ಎಲ್ಲ ಸರಿಯಾಗಿ ನೆನಪುಂಟು, ನಿನ್ನ ಮಾತು ಮಾತ್ರ ಹೇಗೆ ಮರೆಯುತ್ತದೆ? ಡಾಕ್ಟರಿಗೆ ತೋರಿಸಿದರೆ ಅವರು ಏನಾದರೂ ಹೆಸರು ಹೇಳುತ್ತಾರೆ. ಆಮೇಲೆ ರಿತೇಶ್ ನನ್ನನ್ನು ಒಬ್ಬಳೇ ಒಲೆಯ ಹತ್ತಿರ ಬಿಡುವುದಿಲ್ಲ. ಅವನು ಘಣಸೋಲಿಗೆ ಕರೆದೇ ಇಲ್ಲ ಮತ್ತೆ. ಕರೆದು, ನಾನು ಮರೆತೆನೋ, ಅದೂ ಗೊತ್ತಿಲ್ಲ.

ಹಿಟ್ಟು ಅರೆಯುವಾಗಲೆಲ್ಲ ಫೋನ್ ಅಡಿಗೆಮನೆಯ ಕಟ್ಟೆಯ ಮೇಲಿರುತ್ತದೆ, ಗ್ರೈಂಡರಿನ ಸದ್ದಿನಲ್ಲಿ ಏನೂ ಕೇಳುವುದಿಲ್ಲ. ಆದರೂ ಯಾವುದೋ ಹೊತ್ತಿನಲ್ಲಿ ಎತ್ತಿ ಮಾತಾಡಿರುತ್ತೇನೆ ಎಂದು ನನ್ನನ್ನೇ ನಂಬಿಸಿಕೊಳ್ಳುತ್ತೇನೆ.

ಕಾಗದದ ಪಟ್ಟಿ ಬುಧವಾರ ಹರಿದಿದೆ. ಹೊಸದು ಅಂಟಿಸಿದೆ. ಎದುರು ಮನೆಯ ಮರಾಠಿ ಹೆಂಗಸು ಕಾಕುವೂ ಹೊರಟಳು, ಹೊರಡುವಾಗ ನನ್ನ ಕೈ ಹಿಡಿದು ಅತ್ತಳು. ಈಗ ಇಡೀ ಬಿಲ್ಡಿಂಗಿನಲ್ಲಿ ನಾನು, ಕೆಳಗೆ ಕೋಣೆ ಹಂಚಿಕೊಂಡಿರುವ ಕೆಲಸದ ಹುಡುಗರು, ಅಷ್ಟೇ. ಗಿರಾಕಿಗಳು ಮೇಲೆ ಬರುವುದಿಲ್ಲ, ಗೇಟಿನ ಹತ್ತಿರ ನಿಂತು ಆ ಹುಡುಗರಿಂದ ಡಬ್ಬಿ ತರಿಸಿಕೊಳ್ಳುತ್ತಾರೆ. ನಿನ್ನ ಎರಡನೆಯ ಕರೆಗೆ ಏನು ಬರೆಯಲಿ? ಬೇಡ ಎಂದೇ ಬರೆಯುತ್ತೇನೆ. ಆದರೆ ಅಟ್ಟದಿಂದ ನೀಲಿ ಸೂಟ್‌ಕೇಸ್ ಇಳಿಸಿದ್ದೇನೆ, ಸುಮ್ಮನೆ ಗಾಳಿಗೆ ಇಡಲು. ಅದರಲ್ಲಿ ನಾಲ್ಕು ಸೀರೆಯೂ ಇಟ್ಟಿದ್ದೇನೆ, ಸೀರೆಗೂ ಗಾಳಿ ಬೇಕಲ್ಲ.

ಅಕ್ಕ


ಹಿರಿಯಡ್ಕ
೨೭ ಜುಲೈ ೨೦೨೫

ಅಕ್ಕಾ,

ಸೂಟ್‌ಕೇಸ್ ಓದಿದೆ. ಅದರ ಅರ್ಥ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಟಿಕೆಟ್ ಆಯಿತು. ಆಗಸ್ಟ್ ಎರಡಕ್ಕೆ ಇಲ್ಲಿಂದ ಹೊರಟು, ಮೂರನೆಯ ತಾರೀಕು ಭಾನುವಾರ ಬೆಳಗ್ಗೆ ಠಾಣೆಯಲ್ಲಿ ಇಳಿದು, ಲೋಕಲ್ ಹಿಡಿದು ಬರುತ್ತೇನೆ. ಮರುದಿನವೇ ನಿನ್ನನ್ನು ಕರೆದುಕೊಂಡು ಹೊರಡುವುದು. ರುಬ್ಬುವ ಯಂತ್ರವನ್ನೂ ತರುತ್ತೇನೆ ಎಂದು ಹಟ ಮಾಡಬೇಡ, ಇಲ್ಲಿ ಕಲ್ಲೇ ಉಂಟು.

ಮರೆವಿನ ವಿಷಯ ತಲೆಯಿಂದ ತೆಗೆದುಹಾಕು. ದೊಡ್ಡಮ್ಮನಿಗೆ ಆಗ ಎಂಬತ್ತು. ನಿನಗೆ ಐವತ್ತೇಳು. ಒಬ್ಬಳೇ ಇದ್ದು, ನಿದ್ದೆಗೆಟ್ಟು, ಬಿರುಕು ನೋಡಿಕೊಂಡು ಕೂತರೆ ಯಾರಿಗೂ ಹೀಗಾಗುತ್ತದೆ. ಇಲ್ಲಿಗೆ ಬಂದು ಎರಡು ವಾರ ಮಲಗು, ಎಲ್ಲ ನೆನಪಾಗುತ್ತದೆ, ನಾನು ಹೈಸ್ಕೂಲಿನಲ್ಲಿ ನಿನ್ನ ಪೆನ್ನು ಕದ್ದದ್ದೂ ಸೇರಿ.

ಅಮ್ಮನ ಕ್ರಮ ತಪ್ಪಬಾರದು. ಹೊರಡುವ ಮೊದಲು ಮೂರನೆಯ ಸಲ ಬಾಯಿಯಲ್ಲೇ ಕೇಳುತ್ತೇನೆ. ಹ್ಞೂಂ ಎಂದುಬಿಡು. ಹ್ಞೂಂ ಎಂದರೆ ನಿನ್ನ ಕಿರೀಟವೇನೂ ಬಿದ್ದುಹೋಗುವುದಿಲ್ಲ.

ಧರ್ಮಪಾಲ


ಹಿರಿಯಡ್ಕ
೩೧ ಜುಲೈ ೨೦೨೫

ಅಕ್ಕಾ,

ಈ ಕಾಗದ ಬರೆಯುವಾಗ ನನಗೆ ಬೇಸರವೂ ಉಂಟು, ಸ್ವಲ್ಪ ಸಿಟ್ಟೂ ಉಂಟು. ಎರಡನ್ನೂ ಮುಚ್ಚಿಡುವುದಿಲ್ಲ.

ನಿನ್ನೆ ಸಂಜೆ ಫೋನ್ ಮಾಡಿ, ಅಕ್ಕಾ ನಾನು ಬರುತ್ತಿದ್ದೇನೆ, ನೀನು ನನ್ನ ಜೊತೆ ಹೊರಡು ಎಂದೆ. “ಬೇಡ ಮಾರಾಯ, ನಂಗೆ ಎಂತ ಆಗಿದೆ?” ಎಂದೆ ನೀನು. ಅದು ಮರ್ಯಾದೆಗೆ ಎಂದುಕೊಂಡೆ. ಎರಡನೆಯ ಸಲ ಕೇಳಿದೆ. “ಬೇಡ, ಮಳೆಯಲ್ಲಿ ನೀನು ಅಲೆಯುವುದು ಯಾಕೆ?” ಎಂದೆ ನೀನು. ಮೂರನೆಯ ಸಲ, ಅಮ್ಮನ ಹೆಸರು ಹೇಳಿ ಕೇಳಿದೆ. ನೀನು ಕೆಮ್ಮಿದೆ, ಗಂಟಲು ಸರಿಮಾಡಿಕೊಂಡೆ. “ಬೇಡ ಅಂದರೆ ಬೇಡ ಧರ್ಮಾ. ನಾನು ಇಲ್ಲೇ ಆರಾಮ” ಎಂದೆ.

ನನಗೂ ಒಂದು ಸಂಶಯ ಬಂದಿತ್ತು, ಇದು ನಿನ್ನ ಗಿಳಿಯೋ ಎಂದು. ಪರೀಕ್ಷೆ ಮಾಡುವ ಎಂದು, ಚಿಕ್ಕಂದಿನಲ್ಲಿ ನಮ್ಮ ನಾಯಿಯ ಹೆಸರೇನು ಹೇಳು ಎಂದೆ. ನೀನು ನಕ್ಕು, “ನಿಂಗೆಂತ ಮರುಳಾ?” ಎಂದೆ. ಅದನ್ನು ಕೇಳಿ ನನಗೆ ನಾಚಿಕೆಯಾಯಿತು. ಯಾವ ಮಿಷನ್ ಹಾಗೆ ಬೈಯುತ್ತದೆ? ನೀನು ಬಿಟ್ಟರೆ ಇನ್ಯಾರೂ ನನಗೆ ಹಾಗೆ ಹೇಳಿದ್ದಿಲ್ಲ. ಆದರೂ ರಿತೇಶನಿಗೆ ಫೋನ್ ಮಾಡಿ ಕೇಳಿದೆ. ಅದು ಗಿರಾಕಿಗಳಿಗೆ ಮಾತ್ರ, ಮನೆಯವರ ಫೋನಿಗೆ ಅದು ಉತ್ತರಿಸುವುದಿಲ್ಲ, ನಾನೇ ಹಾಕಿದ್ದಲ್ಲವಾ ಎಂದ. ಅವನೂ ನಾನು ಹೇಳಿದ ಹಾಗೆ ಮೂರು ಸಂಜೆ ಫೋನಿನಲ್ಲಿ ನಿನ್ನನ್ನು ಕರೆದನಂತೆ, ಮೂರು ಸಲವೂ ನೀನು ಬೇಡ ಎಂದೆಯಂತೆ. “ಮಾಮಾ, ಥರ್ಡ್ ಟೈಮ್ ಭೀ ನಾ ಬೋಲೀ. ಅಬ್ ಫೋರ್ಸ್ ನಹೀ ಕರ್‌ನಾ ನಾ?” ಎಂದು ನನ್ನನ್ನೇ ಕೇಳಿದ. ಕಲಿಸಿದವನು ನಾನೇ, ಏನು ಹೇಳಲಿ? ಹೌದು, ಮತ್ತೆ ಬಲವಂತ ಮಾಡಬಾರದು ಎಂದೆ. ಬಿರುಕಿನ ಬಗ್ಗೆ ಕೇಳಿದೆ. ಅದೆಲ್ಲ ಸರಿ ಉಂಟು ಎಂದು ನೀನೇ ಅವನಿಗೆ ಹೇಳಿದ್ದೀಯಂತೆ.

ಹಾಗಾಗಿ ಟಿಕೆಟ್ ಕ್ಯಾನ್ಸಲ್ ಮಾಡಿದೆ. ನಿನ್ನ ಮೂರನೆಯ ಬೇಡವನ್ನು ಮೀರಿ ಬಾಗಿಲಿಗೆ ಬಂದು ನಿಂತರೆ ನಿನಗೆ ಅವಮಾನ, ನನಗೂ. ಕಾಗದದಲ್ಲಿ ಒಂದು, ಬಾಯಿಯಲ್ಲಿ ಒಂದು ಹೇಳುವ ಅಕ್ಕನನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೆಂದು ನನಗೆ ತಿಳಿಯುವುದಿಲ್ಲ. ಮನಸ್ಸು ಬದಲಾದರೆ ಬರೆ. ಚೌತಿಯ ಮೊದಲು ಬರಲು ನೋಡುವ.

ಧರ್ಮಪಾಲ


ಡೊಂಬಿವಲಿ ಪೂರ್ವ
೨ ಆಗಸ್ಟ್ ೨೦೨೫

ಧರ್ಮಾ,

ಇಪ್ಪತ್ತೇಳನೆಯ ತಾರೀಕಿನ ನಿನ್ನ ಕಾಗದ ಇವತ್ತು ಬೆಳಗ್ಗೆ ಕೈಸೇರಿತು. ಈಗ ನೀನು ರೈಲಿನಲ್ಲಿರುತ್ತೀ. ಈ ಕಾಗದ ಹಿರಿಯಡ್ಕಕ್ಕೆ ತಲುಪುವ ಹೊತ್ತಿಗೆ ನಾನೂ ಅಲ್ಲೇ ಇರುತ್ತೇನೆ. ಜಯಲತಾ ತಂದು ಕೊಟ್ಟಾಗ ಇಬ್ಬರೂ ಚಾವಡಿಯಲ್ಲಿ ಕೂತು ಓದಿ ನಗುವ ಎಂದು ಬರೆಯುತ್ತಿದ್ದೇನೆ. ಹಾಲು ತರಲು ಇಳಿದಾಗ ಅಂಚೆ ಡಬ್ಬಿಗೆ ಹಾಕುತ್ತೇನೆ.

ಮೊದಲು ಒಳ್ಳೆಯ ಸುದ್ದಿ. ನನ್ನ ತಲೆ ಕೆಟ್ಟಿಲ್ಲ! ಬುಧವಾರ ಸಂಜೆ ಬಾಲ್ಕನಿಯಲ್ಲಿ ಬಟ್ಟೆ ಹಿಂಡುತ್ತಿದ್ದೆ. ಕರೆಂಟ್ ಹೋಗಿ ಗ್ರೈಂಡರ್ ನಿಂತಿತ್ತು. ಅಡಿಗೆಮನೆಯಿಂದ ಯಾರೋ ಹೆಂಗಸು ಮಾತಾಡುವುದು ಕೇಳಿತು. ಯಾರು ಬಂದರಪ್ಪ ಎಂದು ಕಿವಿ ಕೊಟ್ಟರೆ ಅದು ನಾನೇ. ಕನ್ನಡದಲ್ಲಿ, ನಮ್ಮ ಮನೆಯ ಕನ್ನಡದಲ್ಲಿ, ಬೇಡ ಮಾರಾಯ ಎನ್ನುತ್ತಿದ್ದೆ. ಒದ್ದೆ ಕೈಯಲ್ಲಿ ಓಡಿ ಹೋಗುವಷ್ಟರಲ್ಲಿ, “ನಾನು ಇಲ್ಲೇ ಆರಾಮ” ಎಂದು ಹೇಳಿ ಅದು ಮಾತು ಮುಗಿಸಿತು. ನಾನು ಆ ಫೋನನ್ನು ನೋಡುತ್ತ ನಿಂತೆ. ನಾನು ಬದುಕಿರುವಾಗಲೇ ನನ್ನ ಅಡಿಗೆಮನೆಯಲ್ಲಿ ಇನ್ನೊಬ್ಬಳು ನಿಂತು ನನ್ನ ಮನೆ ನಡೆಸುತ್ತಿದ್ದಾಳೆ ಎಂದು ಅನಿಸಿತು.

ಆಮೇಲೆ ಒಂದೊಂದೇ ಹೊಳೆಯಿತು. ನಿನ್ನ ಸೋಮವಾರ, ರಿತೇಶನ ಮಂಗಳವಾರ, ಯಾವುದನ್ನೂ ನಾನು ಮರೆತಿರಲಿಲ್ಲ. ಆಡಿದ್ದರೆ ತಾನೇ ಮರೆಯುವುದು? ಅದಕ್ಕೆ ನಾನು ಫೋನಿನಲ್ಲಿ ಆಡುವ ಮಾತು ಮಾತ್ರ ಗೊತ್ತು. ಕಾಗದದಲ್ಲಿ ಬರೆಯುವವಳು ಅದಕ್ಕೆ ಗೊತ್ತೇ ಇಲ್ಲ. ರಿತೇಶನಿಗೆ ಇನ್ನೂ ಹೇಳಿಲ್ಲ. ಎದುರಿಗೆ ಕೂರಿಸಿ ಬೈಯಬೇಕು, ಫೋನಿನಲ್ಲಿ ಬೈದರೆ ಅದನ್ನೂ ನಾನೇ ಬೈದೆನೋ ಅಲ್ಲವೋ ಎಂದು ಅವನು ಕೇಳಬಹುದು.

ಅದು ನಿನಗೂ ಏನಾದರೂ ಹೇಳಿದ್ದರೆ ಎಂದು ಹೆದರಿ, ಮರುದಿನ ಮಧ್ಯಾಹ್ನ ನಾನೇ ನಿನಗೆ ಫೋನ್ ಮಾಡಿದೆನಲ್ಲ, ಊಟದ ಹೊತ್ತು ಎಂದು ಗೊತ್ತಿದ್ದರೂ. ನನ್ನ ದನಿಯಲ್ಲಿ ಯಾರು ಬೇಡ ಎಂದಿದ್ದರೂ ನಂಬಬೇಡ ಧರ್ಮಾ, ನನಗೆ ಇಲ್ಲಿ ಹೆದರಿಕೆಯಾಗುತ್ತದೆ, ನೀನು ಬಾ ಎಂದೆ. ಜೀವಮಾನದಲ್ಲಿ ಮೊದಲ ಸಲ ಫೋನಿನಲ್ಲಿ ನಿಜ ಹೇಳಿದೆ, ಹೇಳುವಾಗ ಅಳು ಬಂತು. ನೀನು ಮಧ್ಯೆ ಬಾಯಿ ಹಾಕದೆ ಎಲ್ಲ ಕೇಳಿಸಿಕೊಂಡೆ. “ಆಯ್ತು ಅಕ್ಕ, ಬರ್ತೇನೆ, ನೋಡುವ” ಎಂದೆ. ಎಷ್ಟು ಸಮಾಧಾನವಾಯಿತು ನನಗೆ! ಆ ಮೇಲೆ ಫೋನ್ ಬಂದ್ ಮಾಡಿ ಅಕ್ಕಿಡಬ್ಬಿಯೊಳಗೆ ಇಟ್ಟಿದ್ದೇನೆ. ಇನ್ನು ನನ್ನ ಪರವಾಗಿ ಯಾರೂ ಬೇಡ ಅನ್ನುವ ಹಾಗಿಲ್ಲ.

ಕೆಳಗಿನ ಕೋಣೆಯ ಹುಡುಗರು ಇವತ್ತು ಮಧ್ಯಾಹ್ನ ಕಳವಾ ಕಡೆ ರೂಮ್ ಸಿಕ್ಕಿತೆಂದು ಹೊರಟರು. ಆಂಟಿ, ನೀವೂ ನಮ್ಮ ಜೊತೆ ಇಳಿಯಿರಿ ಎಂದು ಎರಡು ಸಲ ಕರೆದರು. ನಾಳೆ ನನ್ನ ತಮ್ಮ ಬರುತ್ತಾನೆ, ಅವನು ಬಂದು ಬಾಗಿಲು ತಟ್ಟುವಾಗ ನಾನು ಇಲ್ಲದಿದ್ದರೆ ಹೇಗೆ ಎಂದೆ. ಒಂದು ರಾತ್ರಿಯ ಮಾತು ತಾನೇ? ಕಾಗದದ ಪಟ್ಟಿ ಈಗ ಅಂಟಿಸಿದರೂ ಸಂಜೆಯೊಳಗೆ ಹರಿಯುತ್ತದೆ, ಅಂಟಿಸುವುದನ್ನು ಬಿಟ್ಟಿದ್ದೇನೆ. ಮಳೆಯ ತೇವಕ್ಕೆ ಮರವೆಲ್ಲ ಉಬ್ಬಿದೆ. ನಿನ್ನೆ ಮಲಗುವ ಕೋಣೆಯ ಬಾಗಿಲು ಚೌಕಟ್ಟಿಗೆ ಕೂರಲಿಲ್ಲ, ಇವತ್ತು ಬೆಳಗ್ಗೆಯಿಂದ ಮುಂಬಾಗಿಲೂ ಅಷ್ಟೇ.

ನೀನು ಬಂದಾಗ ನೀರುದೋಸೆ ಹಾಕಲು ಅಕ್ಕಿ ನೆನೆಸಿದ್ದೇನೆ. ಸೂಟ್‌ಕೇಸ್ ಬಾಗಿಲ ಪಕ್ಕದಲ್ಲೇ ಉಂಟು. ಬೆಲ್ಲಿಗೆ ಕರೆಂಟ್ ಇಲ್ಲ, ಬಾಗಿಲೂ ಮುಚ್ಚುವುದಿಲ್ಲ, ತಟ್ಟುತ್ತ ನಿಲ್ಲಬೇಡ. ತಳ್ಳಿಕೊಂಡು ಒಳಗೆ ಬಾ.

ಅಕ್ಕ